ನಾಲ್ಕನೆಯ ಸಲ ಕೇಳಿದ ಪ್ರಶ್ನೆ

ಹುಡುಗಿಯರ ಹಾಸ್ಟೆಲ್, ಬೆಟಗೇರಿ
೨೧ ನವೆಂಬರ್ ೨೦೨೪

ಅಪ್ಪಾ,

‘ಹೇಗಿದ್ದೀರಿ’ ಅಂತ ಬರೆದು ಹೊಡೆದುಹಾಕಿದೆ. ಒಂದನೇ ಕ್ಲಾಸಿನಿಂದ ಮುಂಡರಗಿಯ ಹಾಸ್ಟೆಲಿನಲ್ಲಿ ಹದಿನೈದು ದಿನಕ್ಕೊಮ್ಮೆ ನಿಮಗೆ ಕಾರ್ಡ್ ಬರೆಸುತ್ತಿದ್ದರಲ್ಲ, ‘ನಾನು ಕ್ಷೇಮ, ಊಟ ಚೆನ್ನಾಗಿದೆ, ಚೆನ್ನಾಗಿ ಓದುತ್ತಿದ್ದೇನೆ.’ ಈಗಲೂ ಕೈಗೆ ಅದೇ ಮೂರು ಸಾಲು ಬರುತ್ತವೆ. ಮೂರೂ ಸುಳ್ಳು.

ಶನಿವಾರ ಅವ್ವ ಫೋನ್ ಮಾಡಿದಾಗ ನಾನು ಲೈಬ್ರರಿಯಲ್ಲಿದ್ದೆ. ‘ಪೊಲೀಸರು ನಿಮ್ಮಪ್ಪನ್ನ ಅಂಗಡ್ಯಾಗಿಂದ ಎಬ್ಬಿಸಿಕೊಂಡು ಹೋದ್ರು. ಹೆಗಲ ಮ್ಯಾಗಿನ ಟೇಪ್ ತಗದಿಡಾಕೂ ಬಿಡಲಿಲ್ಲ’ ಅಂದಳು. ಲಕ್ಷ್ಮೇಶ್ವರದ ಆರು ವರ್ಷದ ಯಾವುದೋ ಹುಡುಗಿಯ ವಿಷಯ ಅಂತಲೂ ಅಂದಳು. ನಾನು ಮೊದಲು ಕೇಳಿದ್ದು ‘ಯಾವ ಶಾಲಿ?’ ಅಂತ. ಅಪ್ಪನಿಗೆ ಏನಾಯಿತು ಅಂತ ಕೇಳಬೇಕಿತ್ತು. ಸಾರಿ.

ಭೇಟಿಗೆ ಬರಲು ಆಗಿಲ್ಲ. ಇಂಟರ್ನಲ್ಸ್ ಇವೆ. ಕಾಲೇಜು ಬಸ್ಸು ದಿನಾ ನಿಮ್ಮ ಜೈಲಿನ ರಸ್ತೆಯಿಂದಲೇ ಹೋಗುತ್ತದೆ. ನಾನು ಆ ಕಡೆಯ ಸೀಟಿನಲ್ಲಿ ಕೂಡುವುದಿಲ್ಲ. ಇದನ್ನು ಯಾಕೆ ಬರೆದೆನೋ, ಈ ಪತ್ರವನ್ನು ಅಲ್ಲಿನ ಸಾಹೇಬರು ಮೊದಲು ಓದುತ್ತಾರಂತೆ.

ಒಂದು ಮಾತು ಮಾತ್ರ ಹೇಳಿ. ಏನು ನಡೆಯಿತು?

ಸ್ನೇಹಾ

•

ಜಿಲ್ಲಾ ಕಾರಾಗೃಹ, ಗದಗ
೨ ಡಿಸೆಂಬರ್ ೨೦೨೪

ಚಿರಂಜೀವಿ ಸ್ನೇಹಾಗೆ ನಿಮ್ಮಪ್ಪ ಉಳವಪ್ಪ ಮಾಡುವ ಆಶೀರ್ವಾದ.

ಕ್ಷೇಮ ಅಂತ ಬರೆಯುವುದು ರೂಢಿ. ಬರೆದಿದ್ದೇನೆ, ಅದನ್ನು ಹಿಡಿದುಕೊಂಡು ಕೂಡಬೇಡ. ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಬಲಗೈ ಸ್ವಲ್ಪ ಬಾತಿದೆ, ಅದಕ್ಕೆ ಅಕ್ಷರ ಓರೆ. ಇಲ್ಲಿಯ ಒಬ್ಬ ಪೇದೆ ‘ಟೇಲರ್ ಕಾಕಾ, ನನ್ನ ಪ್ಯಾಂಟು ಸೊಂಟಕ್ಕ ಬಿಗಿ ಆಗೇತಿ ನೋಡ್ರಿ’ ಅಂದ. ‘ಸೂಜಿ ಕೊಡ್ರಿ, ಸಡಲ ಮಾಡ್ತೀನಿ’ ಅಂದೆ. ‘ನಿಮಗ ಸೂಜಿ ಕೊಟ್ರ ನನ್ನ ನೌಕರಿ ಹರೀತೈತಿ’ ಅಂದ. ಇಬ್ಬರೂ ನಕ್ಕೆವು. ನಗು ಬರುತ್ತದೆ ಇಲ್ಲಿಯೂ.

ಏನು ನಡೆಯಿತು ಅಂತ ಕೇಳಿದ್ದೀ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನಾನು ಬಟ್ಟಿ ತಿಕ್ಕುತ್ತೇನೆ. ಹೊಕ್ಕಳದ ಹತ್ತಿರ ನರ ಜಾರಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಅನ್ನ ಒಗ್ಗುವುದಿಲ್ಲ, ಅದಕ್ಕೆ ಬಟ್ಟಿ ಸರಿದದ್ದು ಅನ್ನುತ್ತಾರೆ. ನಮ್ಮವ್ವ ತಿಕ್ಕುತ್ತಿದ್ದಳು, ಸಾಯುವಾಗ ನನಗೆ ಕೊಟ್ಟಳು. ಅಮಾವಾಸ್ಯೆಯ ಮುಂಜಾನೆ, ಖಾಲಿ ಹೊಟ್ಟೆ, ಔಡಲೆಣ್ಣೆ, ಹೆಬ್ಬೆರಳು. ಇಷ್ಟೇ. ರೊಕ್ಕ ಮುಟ್ಟುವಂತಿಲ್ಲ, ತಿಕ್ಕಿದವನ ಹೆಸರು ಹೇಳುವಂತಿಲ್ಲ. ತಿಕ್ಕಿಸಿಕೊಂಡವರು ಹೊರಳಿ ನೋಡದೆ ಹೋಗಬೇಕು, ಮುಂದಿನ ಅಮಾವಾಸ್ಯೆಯ ತನಕ ಯಾರಿಗೂ ಹೇಳಬಾರದು. ಹೇಳಿದರೆ ಮತ್ತೆ ಸರಿಯುತ್ತದೆ. ಅದಕ್ಕೇ ನಿನಗೂ ಹೇಳಿರಲಿಲ್ಲ.

ದೀಪಾವಳಿ ಅಮಾವಾಸ್ಯೆಗೆ ಲಕ್ಷ್ಮೇಶ್ವರದ ನೀಲಗಂಗವ್ವ ತನ್ನ ಮೊಮ್ಮಗಳನ್ನು ಶಿರಹಟ್ಟಿಗೆ ಕರೆತಂದಿದ್ದಳು. ಸೊಸೆಗೆ ಗೊತ್ತಿಲ್ಲದಂತೆ. ಸೊಸೆ ದವಾಖಾನೆ ಅನ್ನುವವಳು. ಅಂಗಡಿಯ ಹಿಂದಿನ ಖೋಲಿಯಲ್ಲಿ ನೀಲಗಂಗವ್ವ ಮಗುವಿನ ಎರಡೂ ಕಾಲು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ನಾನು ತಿಕ್ಕಿದೆ. ಮಗು ಕಚಗುಳಿಯಾಗಿ ನಕ್ಕಿತು. ‘ಯಾರಿಗೂ ಹೇಳಬ್ಯಾಡವಾ, ಹೊಳ್ಳಿ ನೋಡಬ್ಯಾಡ’ ಅಂದೆ. ಎಲ್ಲರಿಗೂ ಅನ್ನುವುದು ಅದೇ.

ಈಗ ಆ ಮಾತೇ ನನಗೆ ಉರುಲಾಗಿದೆ. ಪಿಎಸ್ಐ ಸಾಹೇಬರು ಕೇಳಿದರು: ‘ತಪ್ಪು ಮಾಡದಿದ್ರ ಮಗೂಗೆ ಯಾರಿಗೂ ಹೇಳಬ್ಯಾಡ ಅಂತ ಯಾಕಂದೀಪಾ?’ ನಾನು ಏನು ಹೇಳಿದರೂ ಅವರು ಬರೆದುಕೊಳ್ಳಲಿಲ್ಲ.

ಇದರ ಹಿಂದೆ ನಮ್ಮ ಓಣಿಯ ಟೇಲರ್ ಮಹಾದೇವ ಇದ್ದಾನೆ ಅಂತ ನನ್ನ ಅನುಮಾನ. ಈ ವರ್ಷ ಶಾಲೆಯ ಯೂನಿಫಾರ್ಮ್ ಅವನ ಕೈತಪ್ಪಿ ನನಗೆ ಬಂತಲ್ಲ. ಮಗುವಿನ ಬಾಯಿಂದ ಇದನ್ನು ಹೊರಡಿಸಿ ಕಾಗದಕ್ಕೆ ಇಳಿಸಿದವರು ಯಾರೋ, ಅವರ ಕೈ ಸೇದಿಹೋಗಲಿ, ಬೆರಳು ಮಡಚದಂತಾಗಲಿ.

ನಿಮ್ಮಪ್ಪ

•

ಬೆಟಗೇರಿ
೧೬ ಡಿಸೆಂಬರ್ ೨೦೨೪

ಅಪ್ಪಾ,

ನಿಮ್ಮ ಪತ್ರ ಓದಿದ ಮೇಲೆ ನಾಲ್ಕು ದಿನ ಬರೆಯಲು ಆಗಲಿಲ್ಲ. ಜ್ವರ ಅಂತ ವಾರ್ಡನ್‌ಗೆ ಹೇಳಿದೆ.

ಶನಿವಾರ ಶಿರಹಟ್ಟಿಗೆ ಹೋಗಿದ್ದೆ. ಅಂಗಡಿಯ ಬಾಗಿಲಿಗೆ ಡಾಂಬರು ಬಳಿದಿದ್ದಾರೆ. ನೀವು ಹೊಲಿದುಕೊಟ್ಟ ಯೂನಿಫಾರ್ಮ್‌ಗಳನ್ನು ಜನ ತಂದು ಹೊಸ್ತಿಲ ಮೇಲೆ ಒಗೆದು ಹೋಗಿದ್ದಾರೆ. ಅವ್ವ ಅವನ್ನೆಲ್ಲ ಒಳಗೆ ತಂದು ಸೈಜಿನ ಪ್ರಕಾರ ಜೋಡಿಸಿಟ್ಟಿದ್ದಾಳೆ. ‘ಯಾಕವ್ವಾ?’ ಅಂದೆ. ‘ಬಂದು ಕೇಳಿದ್ರ ಜಲ್ದಿ ಸಿಗಬೇಕಲ್ಲವಾ’ ಅಂದಳು.

ವಾಟ್ಸಾಪಿನಲ್ಲಿ ನಿಮ್ಮ ಫೋಟೋ ಓಡಾಡುತ್ತಿದೆ, ನನ್ನ ಹತ್ತನೇ ಕ್ಲಾಸಿನ ಗ್ರೂಪಿಗೂ ಬಂತು. ‘ಈ ರಾಕ್ಷಸನನ್ನು ಗುರುತಿಸಿ.’ ನಾವಿಬ್ಬರೂ ಇದ್ದ ಫೋಟೋದಿಂದ ನನ್ನನ್ನು ಕ್ರಾಪ್ ಮಾಡಿ ತೆಗೆದಿದ್ದಾರೆ, ಪಕ್ಕದಲ್ಲಿ ನನ್ನ ಭುಜ ಉಳಿದಿದೆ, ಯಾರಿಗೂ ಗೊತ್ತಾಗಿಲ್ಲ. ಎಲ್ಲರಿಗೂ ಈಗ ಒಂದೊಂದು ನೆನಪಾಗುತ್ತಿದೆ. ನಲ್ಲಿಯ ಹತ್ತಿರ ಒಬ್ಬಳು ಅಂದಳು: ‘ನನ್ನ ಮಗಳ ಅಳತಿ ತಗೊಳ್ಳುವಾಗ ಟೇಪಿನ ತುದಿ ಆಕೀ ಕೈಯಾಗ ಕೊಡ್ತಿದ್ದ. ಅವಾಗ ತಿಳೀಲಿಲ್ಲ ನಮಗ.’ ನೀವು ಮಕ್ಕಳ ಮೈ ಮುಟ್ಟಬಾರದು ಅಂತ ಟೇಪಿನ ತುದಿ ಅವರ ಕೈಗೆ ಕೊಡುತ್ತಿದ್ದಿರಿ. ಅದನ್ನೇ ಈಗ ಹೀಗೆ ಹೇಳುತ್ತಾರೆ. ಆಸ್ಪತ್ರೆಯ ರಿಪೋರ್ಟಿನಲ್ಲಿ ಏನೂ ಇಲ್ಲ ಅಂದರೆ ‘ರೊಕ್ಕ ತಿಂದಾರ’ ಅನ್ನುತ್ತಾರೆ. ಹಾಲಿನವ ನಮ್ಮ ಮನೆ ಬಿಟ್ಟು ಮುಂದೆ ಹೋಗುತ್ತಾನೆ. ಮೂವರು ವಕೀಲರಲ್ಲಿ ಇಬ್ಬರು ಒಲ್ಲೆ ಅಂದರು, ನಜೀರಸಾಬ ವಕೀಲರು ಒಬ್ಬರೇ ಒಪ್ಪಿದ್ದಾರೆ. ಅವ್ವ ನಾಡಿದ್ದು ಕೊರ್ಲಹಳ್ಳಿಯ ಮಾವನ ಮನೆಗೆ ಹೋಗುತ್ತಾಳೆ.

ಬಟ್ಟಿಯ ವಿಷಯ ಅವ್ವನನ್ನು ಕೇಳಿದೆ. ನನಗೂ ತಿಕ್ಕಿದ್ದಿರಂತೆ, ನಾಲ್ಕು ವರ್ಷದವಳಿದ್ದಾಗ. ‘ಹೇಳಬ್ಯಾಡ ಅಂದಿದ್ದಕ್ಕ ದಿನಪೂರ್ತಿ ತುಟಿ ಕಚಗೊಂಡು ಅಡ್ಡಾಡಿದೀ. ಹೊಳ್ಳಿ ನೋಡಬ್ಯಾಡ ಅಂದಿದ್ದಕ್ಕ ಕರದ್ರೂ ಹೊಳ್ಳಲಿಲ್ಲ, ಕ್ವಾಣ ಹೋದಂಗ ಹೋದೀ’ ಅಂತ ಅವ್ವ ನಕ್ಕಳು. ಒಂದು ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ನನಗೆ ಏನೂ ನೆನಪಿಲ್ಲ ಅಪ್ಪಾ. ನೆನಪಿದ್ದಿದ್ದರೆ.

ಮಹಾದೇವನ ಬಗ್ಗೆ ನೀವು ಬರೆದದ್ದು ಇರಬಹುದು. ಗೊತ್ತಿಲ್ಲ.

ಸ್ನೇಹಾ

•

ಗದಗ
೨೩ ಡಿಸೆಂಬರ್ ೨೦೨೪

ಚಿ. ಸ್ನೇಹಾಗೆ ಆಶೀರ್ವಾದ.

ನಿನ್ನ ಪತ್ರದ ಕೊನೆ ಅರ್ಧಕ್ಕೇ ನಿಂತಿದೆ. ನಿದ್ದೆಗೆಟ್ಟು ಬರೆಯಬೇಡ, ಪರೀಕ್ಷೆ ಇದೆ.

ಜಾಮೀನು ಆಗಲಿಲ್ಲ. ನೀಲಗಂಗವ್ವ ಪೊಲೀಸರ ಮುಂದೆ ‘ನಾ ಕುಬಸ ಹೊಲಿಸಾಕ ಹೋಗಿದ್ದೆ, ಅಂಗಡಿ ಮುಂದ ಕುಂತಿದ್ದೆ, ಒಳಗ ಏನಾತೋ ಗೊತ್ತಿಲ್ಲ’ ಅಂದಿದ್ದಾಳಂತೆ. ಆಕೆ ಖರೆ ಹೇಳಿದರೆ ನಾನು ಹೊರಗೆ. ಆಕೆ ಮುದುಕಿ, ಕೆಟ್ಟವಳಲ್ಲ. ನೀನು ಒಮ್ಮೆ ಹೋಗಿ ಕೇಳು. ಬೇಕಾದರೆ ಕಾಲು ಹಿಡಿ, ನಾನು ಬೇಡ ಅನ್ನುವುದಿಲ್ಲ. ಜಗಳ ಮಾಡಬೇಡ. ಮಗುವಿಗೆ ಏನೂ ಕೇಳಬೇಡ, ಅದನ್ನು ಈಗಾಗಲೇ ಬಹಳ ಜನ ಕೇಳಿದ್ದಾರೆ.

ನಿನ್ನನ್ನು ಓದಿಸಿದ್ದು ಇಂಥ ಕೆಲಸಕ್ಕಲ್ಲ. ಆದರೆ ನನಗೆ ನೀನು ಬಿಟ್ಟರೆ ಯಾರಿದ್ದಾರೆ?

ನಿಮ್ಮಪ್ಪ

•

ಬೆಟಗೇರಿ
೨೯ ಡಿಸೆಂಬರ್ ೨೦೨೪

ಅಪ್ಪಾ,

ಲಕ್ಷ್ಮೇಶ್ವರಕ್ಕೆ ಹೋಗಿ ಬಂದೆ. ನೀಲಗಂಗವ್ವ ಕಟ್ಟೆಯ ಮೇಲೆ ಅವರೆ ಸುಲಿಯುತ್ತ ಕೂತಿದ್ದಳು. ನಾನು ಉಳವಪ್ಪನ ಮಗಳು ಅಂದ ಕೂಡಲೆ ಸೆರಗು ಬಾಯಿಗೆ ಹಿಡಿದಳು.

‘ಸಣ್ಣ ದನಿ ಮಾಡವಾ, ಶೈಲಾ ಒಳಗದಾಳ’ ಅಂದಳು. ಶೈಲಾ ಅಂದರೆ ಆಕೆಯ ಸೊಸೆ, ಮಗುವಿನ ತಾಯಿ.

‘ಅಮ್ಮಾ, ನೀವು ಕಾಲು ಹಿಡಿದು ಕೂತಿದ್ದಿರಿ. ಅಷ್ಟೇ ಹೇಳಿ ಸಾಕು.’

‘ಕಾಲ ಹಿಡಕೊಂಡಿದ್ದೆ ಅಂದ್ರ ನನ್ನೂ ಒಳಗ ಹಾಕ್ತಾರಂತ. ಹಿಡಕೊಟ್ಟಾಕಿ ಅಂತಾರ. ಮಗನೂ ಹಂಗ ಅಂದ, ಓಣ್ಯಾಗಿನ ಮಂದಿನೂ ಹಂಗ ಅಂದ್ರು. ನಿಮ್ಮಪ್ಪ ದೇವರಂಥಾಂವ ಅದಾನ ಯವ್ವಾ. ದೇವರು ಆತನ್ನ ಕಾಯ್ತಾನ. ನನ್ನ ಯಾರು ಕಾಯ್ತಾರ ಹೇಳು?’

ಆಗ ಶೈಲಾ ಹೊರಗೆ ಬಂದರು. ನನಗಿಂತ ಆರೇಳು ವರ್ಷ ದೊಡ್ಡವರು ಇರಬಹುದು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ‘ನಿಮ್ಮಪ್ಪ ಮಾಡಿಲ್ಲ ಅಂತ ನಿನಗ ಅನಸ್ತೈತಿ. ನನಗೂ ಹಂಗ ಅನಿಸಲಿ ಅಂತ ದಿನಾ ಬೇಡ್ಕೋತೀನಿ ನಾ. ಆದರ ನನ್ನ ಮಗಳು ಹೇಳ್ಯಾಳ. ನಾ ತಾಯಿ ಆಗಿ ಆಕೀನ್ನ ಸುಳ್ಳಿ ಅನ್ನಲೇನು?’ ಅಂದರು.

ಮಗು ಬಾಗಿಲಿಗೆ ಬಂತು. ನಾನು ಬಂದುಬಿಟ್ಟೆ.

ಸ್ನೇಹಾ

•

ಅದೇ ದಿನ
(ಇದನ್ನು ಕಳಿಸುವುದಿಲ್ಲ. ನೋಟ್‌ಬುಕ್ಕಿನ ರಟ್ಟಿನೊಳಗೆ ಇಡುತ್ತೇನೆ.)

ಅಪ್ಪಾ,

ಶೈಲಾ ಒಳಗೆ ಹೋದ ಮೇಲೆ ಮಗು ಬಾಗಿಲಿಗೆ ಬಂದು ‘ಗೊಂಬಿ ಅಕ್ಕಾ!’ ಅಂತ ನಕ್ಕಿತು.

ಗೊಂಬಿ ಅಕ್ಕ ನಾನೇ. ನವೆಂಬರ್ ಹನ್ನೆರಡಕ್ಕೆ ನಮ್ಮ ಸಮಾಜಕಾರ್ಯ ಕ್ಲಾಸಿನ ಫೀಲ್ಡ್ ವರ್ಕ್ ಅವಳ ಶಾಲೆಯಲ್ಲಿತ್ತು. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ. ನನ್ನ ಕೈಯಲ್ಲಿ ಬಟ್ಟೆಯ ಗೊಂಬೆ. ಯಾರೂ ಮುಟ್ಟಬಾರದ ಜಾಗಕ್ಕೆ ಕೆಂಪು ಬಣ್ಣ. ಅವಳು ಗೊಂಬೆಯ ಹೊಟ್ಟೆ ತೋರಿಸಿ, ಅಜ್ಜ ಎಣ್ಣಿ ಹಚ್ಚಿ ತಿಕ್ಕಿದ, ಯಾರಿಗೂ ಹೇಳಬ್ಯಾಡ ಅಂದ, ಹೊಳ್ಳಿ ನೋಡಬ್ಯಾಡ ಅಂದ ಅಂತ ನನ್ನ ಕಿವಿಯಲ್ಲಿ ಹೇಳಿದಳು. ಯಾರಿಗೂ ಹೇಳಬೇಡ ಅನ್ನುವವನು ಎಂಥವನು ಅಂತ ನಮಗೆ ಹಿಂದಿನ ವಾರವಷ್ಟೇ ಪಾಠ ಆಗಿತ್ತು. ಆ ಪಾಠ ಸುಳ್ಳಲ್ಲ ಅಪ್ಪಾ, ಅಂಥವರು ಇದ್ದಾರೆ. ನಮ್ಮ ಹಾಸ್ಟೆಲಿನಲ್ಲೇ ಒಬ್ಬಳಿಗೆ ಆಗಿದೆ, ಅವಳ ಮಾತನ್ನು ಯಾರೂ ಕೇಳಿರಲಿಲ್ಲ. ನಾನು ಕೇಳುವವಳಾಗಬೇಕು ಅಂದುಕೊಂಡೆ.

ಅಲ್ಲಿ ಮಷಿನ್ ಇತ್ತು, ಕಟಕಟ ಅಂತಿತ್ತು ಅಂತಲೂ ಅಂದಳು. ಊರಲ್ಲಿ ಎಷ್ಟು ಮಷಿನ್! ಮಕ್ಕಳು ಹೇಳಿದ್ದನ್ನು ಬರೆದುಕೊಳ್ಳಲು ಕೊಟ್ಟಿದ್ದ ಫಾರ್ಮಿನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಬರೆಯಲಿಲ್ಲ. ನಮ್ಮ ಕಾಲೇಜಿನ ಮೇಡಂ ಆ ಫಾರ್ಮನ್ನು ಪೊಲೀಸರಿಗೆ ಮುಟ್ಟಿಸಿ, ಅದನ್ನು ತುಂಬಿದ್ದಕ್ಕೆ ಕ್ಲಾಸಿನಲ್ಲಿ ನನಗೆ ಚಪ್ಪಾಳೆ ಹೊಡೆಸಿದರು. ಅಪ್ಪಾ, ಚಪ್ಪಾಳೆ. ನಿಮ್ಮ ಹೆಸರು ಬಂದ ಮೇಲೆ ಓಡಿಹೋಗಿ ಮೇಡಂಗೆ ಹೇಳಿದೆ. ‘ಫಾರ್ಮಿನಲ್ಲಿ ನಿನ್ನ ಹೆಸರಿಲ್ಲ, ಗ್ರೂಪ್ ನಾಲ್ಕು ಅಂತ ಮಾತ್ರ ಇದೆ. ಸುಮ್ಮನಿರು, ನಿನಗೂ ಒಳ್ಳೆಯದು ಕಾಲೇಜಿಗೂ ಒಳ್ಳೆಯದು’ ಅಂದರು. ಸುಮ್ಮನಿದ್ದೇನೆ.

ಮಹಾದೇವನ ಬಗ್ಗೆ ‘ಇರಬಹುದು’ ಅಂತ ಬರೆದದ್ದು ನಾನು.

ಇವತ್ತು ಮಗು ಏನಂತು ಗೊತ್ತೇ? ‘ಅಕ್ಕಾ, ಹೇಳಬ್ಯಾಡ ಅಂದಿದ್ದನ್ನ ನಾ ನಿನಗ ಹೇಳಿದ್ನಲ್ಲಾ, ಅದಕ್ಕ ಮತ್ತ ಹೊಟ್ಟಿ ನೋಯಾಕತ್ತೈತಿ. ಅಜ್ಜ ಸಿಟ್ಟಿಗೆದ್ದಾನೇನು?’

ಬರೆದವರ ಕೈ ಸೇದಿಹೋಗಲಿ ಅನ್ನುವ ನಿಮ್ಮ ಶಾಪ ಇದ್ದ ಪುಟವನ್ನು ದಿನಾ ಓದುತ್ತೇನೆ.

•

ಗದಗ
೨೪ ಜನವರಿ ೨೦೨೫

ಚಿ. ಸ್ನೇಹಾಗೆ ಆಶೀರ್ವಾದ.

ದೋಷಾರೋಪ ಪಟ್ಟಿಯ ಪ್ರತಿ ಬಂತು. ನಜೀರಸಾಬ ವಕೀಲರು ತಂದುಕೊಟ್ಟರು. ಎಂಬತ್ತು ಪುಟ. ಎಲ್ಲ ಓದಿದೆ.

ಮಹಾದೇವನ ಬಗ್ಗೆ ಬರೆದದ್ದು ತಪ್ಪು. ಅವನು ಏನೂ ಮಾಡಿಲ್ಲ. ಯಾರೂ ಏನೂ ಮಾಡಿಲ್ಲ. ಯಾರದೋ ಕೈ ಸೇದಿಹೋಗಲಿ ಅಂತ ಸಿಟ್ಟಿನಲ್ಲಿ ಬರೆದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇದನ್ನು ನೀನು ಚೆನ್ನಾಗಿ ಓದು, ಎರಡು ಸಲ ಓದು. ದೇವರ ಮುಂದೆಯೂ ಹೇಳಿದ್ದೇನೆ.

ಮಗು ಹೇಳಿದ್ದನ್ನು ಒಬ್ಬರು ಬರೆದುಕೊಂಡಿದ್ದಾರೆ. ಚಲೋ ಅಕ್ಷರ. ಮಗುವಿನ ಮೇಲಿನ ಕಕ್ಕುಲಾತಿಗೆ ಬರೆದದ್ದು ಅಂತ ಓದಿದರೆ ತಿಳಿಯುತ್ತದೆ.

ನೀನು ಕೋರ್ಟಿನ ಕಡೆ ಬರಬೇಡ. ಊರಿಗೂ ಹೋಗಬೇಡ. ಭೇಟಿಗೆ ಬರಲಿಲ್ಲ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಊಟ ಮಾಡು, ಓದು, ಡಿಗ್ರಿ ಮುಗಿಸು. ನನಗೆ ಇಲ್ಲಿ ಒಗ್ಗಿದೆ.

ನಿಮ್ಮಪ್ಪ

•

ಬೆಟಗೇರಿ
೬ ಫೆಬ್ರವರಿ ೨೦೨೫

ಅಪ್ಪಾ,

ಒಗ್ಗಿದೆ ಅಂತ ಬರೆಯಬೇಡಿ, ಪ್ಲೀಸ್. ನೀವು ಸೋತುಬಿಟ್ಟಿರಾ? ನೀಲಗಂಗವ್ವ ಹೇಳದಿದ್ದರೆ ಬೇರೆ ದಾರಿ ಹುಡುಕೋಣ. ಇಷ್ಟು ವರ್ಷದಲ್ಲಿ ನಿಮ್ಮ ಹತ್ತಿರ ಬಟ್ಟಿ ತಿಕ್ಕಿಸಿಕೊಂಡವರು ನೂರಾರು ಜನ ಇದ್ದಾರೆ. ಮೂವರನ್ನು ಹುಡುಕಿ ಹೋದೆ. ಹರ್ತಿಯವರೊಬ್ಬರು ‘ಹೌದು ತಿಕ್ಕಿದ್ದ, ನಮ್ಮ ಹುಡಗ ಆರಾಮಾದ, ಆದರ ಈಗ ಹೇಳಾಕ ಬರಂಗಿಲ್ಲ ತಂಗಿ’ ಅಂತ ಬಾಗಿಲು ಮುಂದೆ ಮಾಡಿದರು. ಇನ್ನಿಬ್ಬರು ನಿಮ್ಮ ಹೆಸರೇ ಕೇಳಿಲ್ಲ ಅಂದರು. ಹೆಸರು ಹೇಳಬಾರದು ಅನ್ನುವ ನೇಮವನ್ನು ಎಲ್ಲರೂ ಈಗ ಎಷ್ಟು ಚೆನ್ನಾಗಿ ಪಾಲಿಸುತ್ತಾರೆ ನೋಡಿ.

ಸಿಟ್ಟಾದರೂ ಮಾಡಿ ಅಪ್ಪಾ. ನೀವು ಶಾಂತವಾಗಿ ಬರೆದರೆ ನನಗೆ ಹೆದರಿಕೆ.

ಸ್ನೇಹಾ

•

ಗದಗ
೩ ಮಾರ್ಚ್ ೨೦೨೫

ಸ್ನೇಹಾ,

ಹದಿನೆಂಟಕ್ಕೆ ವಿಚಾರಣೆ. ಮಗುವನ್ನು ಕರೆಸುತ್ತಾರಂತೆ. ನೀನು ಬರಬೇಡ. ಇದು ನಿಮ್ಮಪ್ಪನ ಮಾತು, ಮೀರಬೇಡ.

ಉಳವಪ್ಪ

•

ಬೆಟಗೇರಿ
೧೭ ಮಾರ್ಚ್ ೨೦೨೫

ಅಪ್ಪಾ,

ಇದನ್ನು ಅಂಚೆಗೆ ಹಾಕಿದರೆ ನಾಳೆಯೊಳಗೆ ಮುಟ್ಟುವುದಿಲ್ಲ, ನಜೀರಸಾಬ ವಕೀಲರ ಕೈಯಲ್ಲಿ ಕೊಡುತ್ತಿದ್ದೇನೆ.

ಹೋದ ವಾರ ಅವರ ಆಫೀಸಿಗೆ ಹೋಗಿದ್ದೆ. ಅವರಿಗೆ ನಿಮ್ಮ ಮೇಲೆ ಸಿಟ್ಟು. ‘ನಿಮ್ಮಪ್ಪ ಎಂಥಾ ಮನಷ್ಯಾ ಅದಾನವಾ! ಆ ಫಾರ್ಮ್ ತುಂಬಿದವರನ್ನ ಕರಸಿ ಕೇಳೂಣು, ಹೆಂಗ ಕೇಳಿದ್ರು, ಎಷ್ಟ ಸಲ ಕೇಳಿದ್ರು ಅಂತ. ಕೇಸು ಅಲ್ಲೇ ಸಡ್ಲ ಆಗ್ತೈತಿ ಅಂದ್ರ, ಒಲ್ಲೆ ಅಂತಾನ. ಯಾಕೋ ಮಾರಾಯಾ ಅಂದ್ರ, ಪಾಪ ಯಾರದೋ ಓದೋ ಹುಡುಗಿ ಇರಬೇಕು ಬಿಡ್ರಿ ಅಂತಾನ. ಹುಡುಗಿ ಅಂತ ಈತಗ ಹೆಂಗ ಗೊತ್ತು?’

ಹನ್ನೆರಡು ವರ್ಷ ಹದಿನೈದು ದಿನಕ್ಕೊಂದು ಕಾರ್ಡ್. ನನ್ನ ಅಕ್ಷರ ನಿಮಗೆ ಗೊತ್ತಿಲ್ಲದೆ ಇರುತ್ತದೆಯೆ?

ಜನವರಿಯಲ್ಲೇ ನಿಮಗೆ ಗೊತ್ತಿತ್ತು. ಎರಡು ಸಲ ಓದು ಅಂದಿದ್ದಿರಿ, ನಾನು ಒಂದೇ ಸಲ ಓದಿ, ಅಪ್ಪ ಸೋತರು ಅಂದುಕೊಂಡೆ. ನಿಮ್ಮ ಕೈ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಬಾತದ್ದಲ್ಲ ಅಂತಲೂ ವಕೀಲರು ಹೇಳಿದರು. ಇಂಥ ಕೇಸಿನವರನ್ನು ಒಳಗಿನವರು ಹೊಡೆಯುತ್ತಾರಂತೆ. ಬೆರಳು ಈಗಲೂ ಮಡಚುವುದಿಲ್ಲವಂತೆ. ಸೇದಿಹೋದದ್ದು ನಿಮ್ಮ ಕೈ.

ಅಲ್ಲೇ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದೆ. ನೋಟ್‌ಬುಕ್ಕಿನ ರಟ್ಟಿನಲ್ಲಿದ್ದ ಪತ್ರವನ್ನೂ ಕೊಟ್ಟೆ. ಅವರು ಅದನ್ನು ಓದಿ ಫೈಲಿಗೆ ಸೇರಿಸಿಕೊಂಡರು. ಮಗಳು ಅಪ್ಪನನ್ನು ಉಳಿಸಲು ಕಥೆ ಕಟ್ಟಿದ್ದಾಳೆ ಅಂತ ಎದುರಿನವರು ಅನ್ನುತ್ತಾರೆ, ಜಡ್ಜ್ ನಂಬದೆಯೂ ಹೋಗಬಹುದು ಅಂದರು. ಕಾಲೇಜಿನಿಂದ ತೆಗೆಯಬಹುದು ಅಂತ ಮೇಡಂ ಅಂದಿದ್ದಾರೆ. ಅದೆಲ್ಲ ಆಗಲಿ. ನಾಳೆ ಮಗುವಿಗಿಂತ ಮೊದಲು ನನ್ನ ಹೇಳಿಕೆ ತೆಗೆದುಕೊಳ್ಳಲು ಜಡ್ಜ್ ಒಪ್ಪಿದ್ದಾರೆ. ನನ್ನನ್ನು ಕೇಳಿದ ಮೇಲೆ ಅವಳನ್ನು ಇನ್ನೊಂದು ಸಲ ಕೇಳುವುದು ತಪ್ಪಿದರೂ ತಪ್ಪಬಹುದು.

ನಾಳೆ ಹೇಳುವುದನ್ನು ನಿಮಗೆ ಮೊದಲು ಹೇಳಬೇಕು.

ಗೊಂಬೆಯ ಕೆಂಪು ಜಾಗ ತೋರಿಸಿ, ಅಜ್ಜ ಇಲ್ಲಿ ಮುಟ್ಟಿದನಾ ಅಂತ ಕೇಳಿದೆ. ಅವಳು ಇಲ್ಲ ಅಂದಳು.

ಹೆದರಬೇಡ ಪುಟ್ಟಿ, ಅಕ್ಕನಿಗೆ ಹೇಳು, ಇಲ್ಲಿ ಮುಟ್ಟಿದನಾ ಅಂದೆ. ಇಲ್ಲ ಅಂದಳು.

ಸರಿಯಾಗಿ ನೆನಪು ಮಾಡಿಕೋ ಅಂದೆ. ಇಲ್ಲ ಅಂದಳು, ಗೊಂಬೆ ಕೊಡು ಅಂತ ಕೈ ಚಾಚಿದಳು.

ನಾನು ಗೊಂಬೆಯನ್ನು ಹಿಂದೆ ಹಿಡಿದೆ. ಹೇಳಿದರೆ ಕೊಡುತ್ತೇನೆ, ಮುಟ್ಟಿದನಲ್ಲವಾ ಅಂದೆ. ಅವಳು ಗೊಂಬೆಯನ್ನು ನೋಡುತ್ತ ತಲೆಯಾಡಿಸಿದಳು.

ಫಾರ್ಮಿನಲ್ಲಿ ಉತ್ತರಕ್ಕೆ ಒಂದೇ ಚೌಕ ಇತ್ತು. ‘ಹೌದು’ ಅಂತ ಗುರುತು ಹಾಕಿದೆ.

ಮಗು ಒಂದು ಅಕ್ಷರವೂ ಸುಳ್ಳು ಹೇಳಿಲ್ಲ ಅಪ್ಪಾ. ಮೂರು ಸಲ ಖರೆ ಹೇಳಿದಳು. ಶೈಲಾ ಅವರಿಗೂ ಇದನ್ನೇ ಹೇಳಬೇಕು, ನಿಮ್ಮ ಮಗಳು ಸುಳ್ಳಿ ಅಲ್ಲ ಅಂತ. ಆ ದಿನ ಕಟ್ಟೆಯ ಮೇಲೆ ಇಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.

ನಿಮ್ಮ ಮಾತು ಮೀರುತ್ತಿದ್ದೇನೆ. ಹಾಸ್ಟೆಲಿನಲ್ಲಿ ತಿಂಡಿ ಎಂಟೂವರೆಗೆ, ನಾಳೆ ಅದಕ್ಕೂ ಮೊದಲೇ ವಕೀಲರ ಹತ್ತಿರ ಹೋಗಬೇಕು, ಖಾಲಿ ಹೊಟ್ಟೆಯಲ್ಲೇ ಬರುತ್ತೇನೆ. ನೀವು ನನ್ನ ಹಿಂದೆ ಕಟಕಟೆಯಲ್ಲಿ ಇರುತ್ತೀರಂತೆ. ನಾಲ್ಕು ತಿಂಗಳ ಮೇಲೆ ನಿಮ್ಮ ಮುಖ ಕಂಡರೆ ನನ್ನ ಬಾಯಿ ಕಟ್ಟಿಬಿಡುತ್ತದೆ. ಅದಕ್ಕೇ ಒಳಗೆ ಬರುವಾಗ ನಿಮ್ಮ ಕಡೆ ನೋಡುವುದಿಲ್ಲ, ನೀವು ಕರೆದರೂ ಹೊರಳುವುದಿಲ್ಲ. ತಪ್ಪು ತಿಳಿಯಬೇಡಿ. ಎಲ್ಲ ಹೇಳಿ ಮುಗಿಸಿದ ಮೇಲೆ ಹೊರಳುತ್ತೇನೆ. ಆಗ ನೀವು ನನ್ನನ್ನು ನೋಡುತ್ತೀರೋ ಇಲ್ಲವೋ, ನಿಮಗೆ ಬಿಟ್ಟದ್ದು.

ನಿಮ್ಮ ಸ್ನೇಹಾ
ಗ್ರೂಪ್ ನಾಲ್ಕು